ಸೆರಗಿನಂಚು ಹಿಡಿದು

ಧ್ರುವಪ್ರಭೆ ಅಥವಾ ಅರೋರಾವನ್ನೂ ಕಾಂತಗೋಳವನ್ನೂ ಓದುತ್ತಾ ಉತ್ತರ ನಾರ್ವೆ, ಸ್ವೀಡನ್‌ಗಳಲ್ಲಿ ನನಗೆ ಇಪ್ಪತ್ತೆಂಟು ಚಳಿಗಾಲ ಕಳೆದಿವೆ. ಹುಟ್ಟಿದ್ದು ತೀರ್ಥಹಳ್ಳಿ ಕಡೆ, ಮಳೆಗಾಲ ಹಿಡಿಯಿತೆಂದರೆ ತಿಂಗಳುಗಟ್ಟಲೆ ನಕ್ಷತ್ರ ಕಾಣದ ಊರಲ್ಲಿ. ಮೈಸೂರು, ಧಾರವಾಡ, ಮಂಗಳೂರಿನಿಂದ ಎಂಎಸ್ಸಿ ಓದುವ ಹುಡುಗ ಹುಡುಗಿಯರು ಆಗಾಗ ಪತ್ರ ಬರೆದು ಈ ಕೆಲಸ ಹೇಗಿರುತ್ತದೆ ಎಂದು ಕೇಳುತ್ತಾರೆ. ಅವರಿಗೆ ಬರೆದ ಉತ್ತರಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಕಾಶದಲ್ಲಿ ನಮಗೆ ಕಾಣುವ ಹಸಿರು ಬೆಳಕು ಒಂದು ದೊಡ್ಡ ಸೀರೆಯ ಸೆರಗಿನ ಅಂಚು ಮಾತ್ರ. ಉಳಿದ ಸೀರೆಯೆಲ್ಲ ಕಾಂತಗೋಳದಲ್ಲಿದೆ. ಭೂಮಿಯ ಕಾಂತಕ್ಷೇತ್ರ ಸೌರ ಮಾರುತಕ್ಕೆ ಎದುರು ನಿಂತು ಕಾಯ್ದುಕೊಂಡಿರುವ ಜಾಗ ಅದು. ಹಗಲಿನ ಬದಿಗೆ ಸುಮಾರು 60,000 ಕಿ.ಮೀ., ಇರುಳಿನ ಬದಿಗೆ ಚಂದ್ರನ ಕಕ್ಷೆಯನ್ನೂ ದಾಟಿ ಬಾಲದ ಹಾಗೆ ಚಾಚಿಕೊಂಡಿದೆ. ಅಂಚು ಹಿಡಿದು ಸೀರೆಯನ್ನು ಊಹಿಸುವುದೇ ನಮ್ಮ ಕಸುಬು. ಒಂದೇ ಜಾಗದಲ್ಲಿ ನಿಂತು ನೋಡಿದವರು ಇದರಲ್ಲಿ ಮೋಸಹೋಗಿದ್ದಾರೆ, ನಾನೂ ಹೋಗಿದ್ದೇನೆ.

1. ಮೊದಲು ಗಡಿಯಾರ, ಆಮೇಲೆ ಆಕಾಶ

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಒಂದು ರಾತ್ರಿ ನಮ್ಮ ಕ್ಯಾಮೆರಾದ ನೆತ್ತಿಯ ಮೇಲೇ ಉಪಗ್ರಹವೊಂದು ಹಾದುಹೋಯಿತು, ಅದೇ ಹೊತ್ತಿಗೆ ಕೆಳಗೆ ಅರೋರಾದ ಒಳ್ಳೆಯ ಕಮಾನು ಮೂಡಿತ್ತು. ಎರಡೂ ಹೀಗೆ ಕೂಡಿಬರುವುದು ಅಪರೂಪ. ಎಂಟು ತಿಂಗಳು ಕೂತು ಪ್ರಬಂಧ ಬರೆದೆ. ಉಪಗ್ರಹ ಎಣಿಸಿದ ಎಲೆಕ್ಟ್ರಾನುಗಳಿಗೂ ಕ್ಯಾಮೆರಾ ಕಂಡ ಬೆಳಕಿಗೂ ತಾಳೆಯಾಗುತ್ತಿರಲಿಲ್ಲ. ಅದನ್ನೇ ಹೊಸ ಸಂಗತಿ ಎಂದು ವಿವರಿಸಿದ್ದೆ.

ಕಳಿಸುವ ಹಿಂದಿನ ವಾರ ನಮ್ಮ ನಿಲ್ದಾಣದ ಹಿರಿಯ ತಂತ್ರಜ್ಞರು ಚಿತ್ರಗಳನ್ನು ನೋಡುತ್ತಾ, ದಕ್ಷಿಣ ದಿಗಂತದ ಹತ್ತಿರ ಬೆರಳಿಟ್ಟು, ಮಹಾವ್ಯಾಧನ ನಡುಪಟ್ಟಿ ಇರಬೇಕಾದ ಜಾಗದಲ್ಲಿಲ್ಲ ಎಂದರು. ಅಳೆದೆವು. ಆ ಮೂರು ನಕ್ಷತ್ರಗಳು ಅರ್ಧ ಡಿಗ್ರಿ ಸರಿದಿದ್ದವು, ಹುಣ್ಣಿಮೆ ಚಂದ್ರನ ಅಗಲದಷ್ಟು. ಆಕಾಶ ಗಂಟೆಗೆ ಹದಿನೈದು ಡಿಗ್ರಿ ತಿರುಗುತ್ತದೆ, ಅರ್ಧ ಡಿಗ್ರಿ ಎಂದರೆ ಎರಡು ನಿಮಿಷ. ಜಿಪಿಎಸ್ ಆಂಟೆನಾದ ಕೇಬಲ್ ತುದಿಯಲ್ಲಿ ನೀರಿಳಿದು ಹೆಪ್ಪುಗಟ್ಟಿತ್ತು, ಕಂಪ್ಯೂಟರು ವಾರಗಟ್ಟಲೆ ತನ್ನದೇ ಗಡಿಯಾರ ನಂಬಿಕೊಂಡು ಓಡಿತ್ತು. ಎರಡು ನಿಮಿಷದಲ್ಲಿ ಅಂಥ ಉಪಗ್ರಹ ಸುಮಾರು 900 ಕಿ.ಮೀ. ಹೋಗಿಬಿಡುತ್ತದೆ. ನಾನು ಎಂಟು ತಿಂಗಳು ಹೋಲಿಸಿದ್ದು ಎರಡು ಬೇರೆ ಬೇರೆ ಆಕಾಶಗಳನ್ನು.

ಆ ಪ್ರಬಂಧ ಕಳಿಸಲಿಲ್ಲ. ಅಂದಿನಿಂದ ಯಾವ ರಾತ್ರಿಯ ದತ್ತಾಂಶ ತೆರೆದರೂ ಮೊದಲು ನಕ್ಷತ್ರಗಳನ್ನೇ ನೋಡುತ್ತೇನೆ.

2. ಎತ್ತರ ಹೇಳಬೇಕಾದರೆ ಎರಡು ಕಡೆಯಿಂದ ನೋಡಿ

ಇಲ್ಲಿನ ಹಳ್ಳಿಗರಲ್ಲಿ ಕೆಲವರು ಬೆಳಕು ಗುಡ್ಡದ ತುದಿಗೆ ತಾಗಿದ್ದನ್ನು ಕಂಡಿದ್ದೇವೆ ಎನ್ನುತ್ತಾರೆ. ಅವರ ಪಕ್ಕ ನಿಂತು ನೋಡಿದರೆ ನನಗೂ ಹಾಗೇ ಕಾಣುತ್ತದೆ. ಕತ್ತಲಲ್ಲಿ ದೂರ ಅಳೆಯಲು ಕಣ್ಣಿಗೆ ಏನೂ ಆಧಾರವಿಲ್ಲ.

ಇದನ್ನು ಇತ್ಯರ್ಥ ಮಾಡಿದವರು ನಾರ್ವೆಯ ಗಣಿತಜ್ಞ ಕಾರ್ಲ್ ಸ್ಟಾರ್ಮರ್. 1910ರಲ್ಲಿ ಬೊಸ್ಸೆಕೋಪ್‌ನಲ್ಲಿ ಕೆಲವು ಕಿಲೋಮೀಟರ್ ದೂರದ ಎರಡು ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ನಡುವೆ ಟೆಲಿಫೋನ್ ತಂತಿ ಎಳೆಸಿದರು. ಫೋನಿನಲ್ಲಿ ಹೇಳಿದ ಕ್ಷಣಕ್ಕೇ ಇಬ್ಬರೂ ಒಂದೇ ಕಮಾನಿನ ಚಿತ್ರ ತೆಗೆಯಬೇಕು. ಹಿಂದಿನ ನಕ್ಷತ್ರಗಳಿಗೆ ಹೋಲಿಸಿದಾಗ ಬೆಳಕು ಎರಡು ಚಿತ್ರಗಳಲ್ಲಿ ಎಷ್ಟು ಸರಿದಿದೆಯೋ ಅದರಿಂದ ಎತ್ತರದ ಲೆಕ್ಕ. ಕೆಳಗಿನ ಅಂಚು ಸುಮಾರು 100 ಕಿ.ಮೀ. ಎಂದು ಬಂತು. ಮುಂದೆ ಸಾವಿರಾರು ಚಿತ್ರಗಳನ್ನು ಅವರು ಹೀಗೆ ಅಳೆದರು, ಆ ಅಂಕಿ ಇವತ್ತಿಗೂ ನಿಂತಿದೆ.

ಎರಡನೇ ಕ್ಯಾಮೆರಾ ಇಲ್ಲದಾಗ ಬಣ್ಣವೂ ಎತ್ತರದ ಸುಳಿವು ಕೊಡುತ್ತದೆ. ಹಸಿರೂ ಕೆಂಪೂ ಎರಡೂ ಆಮ್ಲಜನಕದ ಪರಮಾಣುವಿನವೇ. ಹೊಡೆತ ತಿಂದ ಪರಮಾಣು 557.7 ನ್ಯಾನೊಮೀಟರಿನ ಹಸಿರನ್ನು ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಕೊಟ್ಟುಬಿಡುತ್ತದೆ. 630 ನ್ಯಾನೊಮೀಟರಿನ ಕೆಂಪಿಗೆ ಮಾತ್ರ ಎರಡು ನಿಮಿಷದ ಹತ್ತಿರ ಹತ್ತಿರ ಸುಮ್ಮನೆ ಕಾಯಬೇಕು. ಕೆಳಗೆ ಗಾಳಿ ದಟ್ಟ. ಎರಡು ನಿಮಿಷ ಯಾರಿಗೂ ಡಿಕ್ಕಿ ಹೊಡೆಯದೆ ಉಳಿಯಲು ಅಲ್ಲಿ ಸಾಧ್ಯವಿಲ್ಲ, ಪಕ್ಕದ ಅಣು ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ. 200 ಕಿ.ಮೀ.ಗಿಂತ ಮೇಲೆ ಜನಸಂದಣಿ ಇಲ್ಲ, ಅಲ್ಲಿ ಕಾಯಬಹುದು. ಹಾಗಾಗಿ ಆಮ್ಲಜನಕದ ಈ ಕೆಂಪು ಹಸಿರಿಗಿಂತ ಮೇಲೆ.

2024ರ ಮೇ 10ರ ರಾತ್ರಿ ಸೌರ ಬಿರುಗಾಳಿ ಬಂದಾಗ ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಉತ್ತರ ದಿಗಂತದಲ್ಲಿ ಕೆಂಪು ಹೊಳಪನ್ನು ಹಿಡಿದವು. ಊರಿನಿಂದ ಎಷ್ಟೊಂದು ಕರೆಗಳು! ಎಲ್ಲರಿಗೂ ಅರೋರಾ ಭಾರತಕ್ಕೆ ಬಂತೆಂಬ ಸಂಭ್ರಮ. ಅಲ್ಲಿನ ವಿಜ್ಞಾನಿಗಳು ಅದನ್ನು ಸ್ಥಿರ ಕೆಂಪು ಕಮಾನು ಎಂದು ಗುರುತಿಸಿದರು. ಭೂಮಿಯನ್ನು ಸುತ್ತುವರಿದ ಉಂಗುರ ಪ್ರವಾಹದ ಬಿಸಿ ಕೆಳಗಿಳಿದು ಮೇಲಿನ ವಾತಾವರಣವನ್ನು ಕಾಯಿಸಿದಾಗ ಮೂಡುವ ಬೆಳಕು ಅದು. ನಮ್ಮ ಉತ್ತರದ ಕುಣಿಯುವ ಪರದೆಯದು ಬೇರೆ ಮನೆತನ. ಬಣ್ಣ ಒಂದೇ ಎಂದು ಹೆಸರನ್ನೂ ಒಂದೇ ಇಡಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ಈ ಉದಾಹರಣೆ ಕೊಡುತ್ತೇನೆ.

3. ಮೋಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಟ್ರಾಮ್ಸೊ ಕಡಲ ಪಕ್ಕದ ಊರು, ಮೋಡ ಜಾಸ್ತಿ. ಅಲ್ಲಿಂದ ಒಳನಾಡಿಗೆ ಹೋದರೆ ಸ್ಕಿಬೊಟ್ನ್ ಕಣಿವೆ. ಸುತ್ತಲಿನ ಬೆಟ್ಟಗಳು ತೇವವನ್ನೆಲ್ಲ ಹಿಂಡಿಕೊಂಡು ಬಿಡುವುದರಿಂದ ಅಲ್ಲಿ ಆಕಾಶ ತಿಳಿ. ಆಗುಂಬೆಯಲ್ಲಿ ನೆನೆದು ಚಿತ್ರದುರ್ಗಕ್ಕೆ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ವೀಕ್ಷಣಾಲಯಗಳನ್ನು ಅಲ್ಲಿ ಕಟ್ಟಿದ್ದು ಅದಕ್ಕೇ.

ಆದರೂ ಕಾಯುವುದು ತಪ್ಪುವುದಿಲ್ಲ. ಕಮಾನಿನೊಳಗೇ ಉಪಕರಣ ಹಾರಿಸುವ ರಾಕೆಟ್ ಅಭಿಯಾನ ಎಂದರೆ ಮೂರು ವಾರ, ಪ್ರತಿ ಸಂಜೆ ಕೌಂಟ್‌ಡೌನ್ ಶುರು, ಒಂದು ಹಂತದಲ್ಲಿ ನಿಲ್ಲಿಸಿ ಕಾಯುವುದು. ನೆಲದ ಗಾಳಿ ಮಿತಿಯೊಳಗಿರಬೇಕು, ಕ್ಯಾಮೆರಾಗಳ ಮೇಲೆ ಮೋಡ ಇರಬಾರದು, ಕಮಾನು ರಾಕೆಟ್ ಹೋಗುವ ದಾರಿಯಲ್ಲೇ ಮೂಡಬೇಕು. ಮೂರೂ ಕೂಡಿದ ಒಂದೆರಡು ನಿಮಿಷದಲ್ಲಿ ಹೂಂ ಎನ್ನಬೇಕು. ರಾಕೆಟ್ ಮೇಲೆ ಹೋಗಿ ಬೀಳುವುದು ಹತ್ತು ಹದಿನೈದು ನಿಮಿಷದ ಕೆಲಸ. ಅದರ ಹಿಂದೆ ನಾಲ್ಕು ವರ್ಷ ಇರುತ್ತದೆ.

ಒಂದು ವರ್ಷ ಹದಿನೇಳು ರಾತ್ರಿ ಹೀಗೆ ಕೂತೆವು. ಅಮ್ಮ ದಿನವೂ ಫೋನ್ ಮಾಡುತ್ತಿದ್ದರು. "ಏನೇ, ಇವತ್ತಾದ್ರೂ ಮೋಡ ಬಿಟ್ಟಿದ್ಯಾ?" "ಇಲ್ಲಮ್ಮ." "ಬಿಡತ್ತೆ ಬಿಡು. ಆರಿದ್ರೆ ಮಳೆಗೂ ಹಿಂಗೇ ಕಾಯ್ತೀವಲ್ಲ." ಕೊನೆಯ ರಾತ್ರಿ ಆಕಾಶ ತಿಳಿಯಾಯಿತು, ಕಮಾನೂ ಬಂತು. ಆದರೆ ನಾವು ಲೆಕ್ಕ ಹಾಕಿದ ದಾರಿಗಿಂತ ನೂರು ಕಿಲೋಮೀಟರ್ ದಕ್ಷಿಣಕ್ಕೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಬೇಡ ಎಂದೆ. ರಾಕೆಟ್ ಪೆಟ್ಟಿಗೆಗೆ ವಾಪಸ್ ಹೋಯಿತು, ಮುಂದಿನ ಚಳಿಗಾಲ ಸರಿಯಾದ ಕಮಾನಿನೊಳಗೆ ಹಾರಿತು. ಇಷ್ಟು ವರ್ಷದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನಗಳಲ್ಲಿ ಆ 'ಬೇಡ'ವನ್ನು ಮೊದಲು ಎಣಿಸುತ್ತೇನೆ.

4. ಒಂಟಿ ಉಪಗ್ರಹ ಅರ್ಧ ಮಾತ್ರ ಹೇಳುತ್ತದೆ

ಘಾಟಿ ಇಳಿಯುವ ಬಸ್ಸಿನಲ್ಲಿ ನಿದ್ದೆ ಹೋಗಿ ಎದ್ದಾಗ ಮಳೆ ನಿಂತಿರುತ್ತದೆ. ಮಳೆಯೇ ನಿಂತಿತೋ, ಬಸ್ಸು ಮಳೆಯನ್ನು ದಾಟಿ ಬಂದಿತೋ? ಕಿಟಕಿಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಉಪಗ್ರಹದ ಪಾಡೂ ಅದೇ. ಕಾಂತಕ್ಷೇತ್ರ ಹಠಾತ್ತನೆ ಬದಲಾಯಿತು ಎಂದು ಅದು ಬರೆದು ಕಳಿಸುತ್ತದೆ. ಕಾಲ ಬದಲಾಯಿತೋ ಜಾಗ ಬದಲಾಯಿತೋ ಎಂದು ಒಂಟಿ ಉಪಗ್ರಹ ಹೇಳಲಾರದು. ನಮ್ಮ ಕ್ಷೇತ್ರದ ಅರ್ಧದಷ್ಟು ಜಗಳಗಳು ಇದರಿಂದಲೇ ಹುಟ್ಟಿದವು.

ಇದಕ್ಕೆ ಉತ್ತರವಾಗಿ ಯುರೋಪಿನವರು ಕ್ಲಸ್ಟರ್ ಎಂಬ ನಾಲ್ಕು ಉಪಗ್ರಹಗಳನ್ನು ಕಟ್ಟಿದರು. ನಾಲ್ಕು ಮೂಲೆಯ ಗೋಪುರದಂತೆ ಒಟ್ಟಿಗೆ ಹಾರಿದರೆ ಅಲೆ ಯಾವ ದಿಕ್ಕಿನಿಂದ ಯಾವ ವೇಗದಲ್ಲಿ ಬಂತು ಎಂದು ಲೆಕ್ಕ ಹಾಕಬಹುದು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್‌ನ ಮೊಟ್ಟಮೊದಲ ಹಾರಾಟದಲ್ಲಿ ಅವು ಹೊರಟವು. ಹಳೆಯ ಏರಿಯಾನ್ 4ರ ತಂತ್ರಾಂಶದ ಒಂದು ಭಾಗವನ್ನು ಹಾಗೇ ಇಟ್ಟುಕೊಂಡಿದ್ದರು. ಹೊಸ ರಾಕೆಟ್‌ನ ವೇಗಕ್ಕೆ ಅದರೊಳಗಿನ ಒಂದು ಸಂಖ್ಯೆ ತನಗೆ ಕೊಟ್ಟ ಜಾಗ ಮೀರಿತು. ಮೇಲೆದ್ದ ಸುಮಾರು 37 ಸೆಕೆಂಡಿಗೆ ರಾಕೆಟ್ ದಾರಿ ತಪ್ಪಿ ಒಡೆದುಹೋಯಿತು, ನಾಲ್ಕೂ ಉಪಗ್ರಹಗಳ ಚೂರುಗಳು ಫ್ರೆಂಚ್ ಗಯಾನಾದ ಜೌಗು ನೆಲಕ್ಕೆ ಬಿದ್ದವು.

ನಾನು ಪಿಎಚ್‌ಡಿಗೆ ಸೇರಿದ್ದು ಆ ವರ್ಷದ ಶರತ್ಕಾಲ. ವಿಭಾಗದ ಹಿರಿಯರು ಹತ್ತು ವರ್ಷ ಕಟ್ಟಿದ ಉಪಕರಣ ಕಳೆದುಕೊಂಡು ಕೂತಿದ್ದರು. ಕಾರಿಡಾರಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ, ಸೂತಕದ ಮನೆಯ ಹಾಗೆ. ಆದರೆ ಕಪಾಟಿನಲ್ಲಿ ಬಿಡಿಭಾಗಗಳು ಉಳಿದಿದ್ದವು. ಅವುಗಳಿಂದ ಒಂದನ್ನು ಜೋಡಿಸಿ ಫೀನಿಕ್ಸ್ ಎಂದು ಕರೆದರು, ಉಳಿದ ಮೂರನ್ನು ಮತ್ತೆ ಕಟ್ಟಿದರು. 2000ದ ಜುಲೈ, ಆಗಸ್ಟ್‌ಗಳಲ್ಲಿ ಎರಡೆರಡಾಗಿ ಬೈಕನೂರಿನಿಂದ ಹೋದವು. ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೊ ಎಂದು ಕುಣಿತಗಳ ಹೆಸರಿಟ್ಟರು. 2024ರ ಸೆಪ್ಟೆಂಬರ್‌ವರೆಗೂ ಅವು ದುಡಿದವು. ಸಾಲ್ಸಾ ವಾತಾವರಣಕ್ಕೆ ಮರಳಿ ಉರಿದುಹೋದ ದಿನ ನನ್ನ ಗುರುಗಳಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮಾತಾಡಿದೆವು.

ನಿಮ್ಮ ಪ್ರಯೋಗಕ್ಕೆ ಬಜೆಟ್ ಬರೆಯುವಾಗ ಬಿಡಿಭಾಗಗಳ ಸಾಲನ್ನು ಮೊದಲು ಕತ್ತರಿಸುವಂತೆ ಹೇಳುತ್ತಾರೆ. ಒಪ್ಪಬೇಡಿ.

ಒಂಟಿಯಾಗಿ ನೋಡಿದರೆ ಅರ್ಧವೇ ಕಾಣುವ ಕಥೆ ನೆಲದ ಮೇಲೂ ಇದ್ದದ್ದೇ. 1957–58ರ ಅಂತಾರಾಷ್ಟ್ರೀಯ ಭೂಭೌತ ವರ್ಷದಲ್ಲಿ ಇಡೀ ಆಕಾಶ ಹಿಡಿಯುವ ಕ್ಯಾಮೆರಾಗಳನ್ನು ಧ್ರುವದ ಸುತ್ತ ಇಟ್ಟಿದ್ದರು. ಒಂದೊಂದು ಊರಿನಲ್ಲಿ ಒಂದೊಂದು ಥರದ ಬೆಳಕು. ಅಲಾಸ್ಕಾದಲ್ಲಿದ್ದ ಶುನ್-ಇಚಿ ಅಕಾಸೊಫು ಆ ಫಿಲ್ಮುಗಳನ್ನೆಲ್ಲ ಒಟ್ಟಿಗೆ ಹರವಿ, ಎಲ್ಲ ಊರುಗಳೂ ಒಂದೇ ಕಥೆಯ ಬೇರೆ ಬೇರೆ ಪುಟ ನೋಡುತ್ತಿವೆ ಎಂದು 1964ರಲ್ಲಿ ಬರೆದರು. ಶಾಂತ ಕಮಾನು ಮೆಲ್ಲಗೆ ದಕ್ಷಿಣಕ್ಕೆ ಸರಿಯುತ್ತದೆ, ಒಂದು ನಿಮಿಷದೊಳಗೆ ಹೊತ್ತಿ ಉರಿದು, ಒಡೆದು, ಉತ್ತರಕ್ಕೂ ಪಶ್ಚಿಮಕ್ಕೂ ನುಗ್ಗುತ್ತದೆ. ನಾವಿದನ್ನು ಸಬ್‌ಸ್ಟಾರ್ಮ್ ಎನ್ನುತ್ತೇವೆ. ಇದರ ಕಿಡಿ ಕಾಂತಗೋಳದ ಬಾಲದಲ್ಲಿ ಎಲ್ಲಿ ಮೊದಲು ಹೊತ್ತುತ್ತದೆ ಎಂದು ನೋಡಲು 2007ರಲ್ಲಿ ಥೀಮಿಸ್‌ನ ಐದು ಉಪಗ್ರಹಗಳು ಹೋದವು. ಮರುವರ್ಷ ಫೆಬ್ರವರಿ 26ರ ಒಂದು ಸಬ್‌ಸ್ಟಾರ್ಮ್‌ನಲ್ಲಿ ಬಾಲದ ದೂರದ ಭಾಗದಲ್ಲಿ ಕಾಂತರೇಖೆಗಳು ತುಂಡಾಗಿ ಮರುಜೋಡಣೆಯಾದದ್ದೇ ಮೊದಲು ಎಂದು ಕಂಡಿತು. ಎಲ್ಲ ಸಬ್‌ಸ್ಟಾರ್ಮ್‌ಗಳೂ ಹಾಗೇ ಶುರುವಾಗುತ್ತವೆಯೇ ಎಂಬ ವಾದ ಇನ್ನೂ ಮುಗಿದಿಲ್ಲ.

5. ಕೈಗವಸು ತೆಗೆಯದೆ ಸ್ಕ್ರೂ ಬಿಚ್ಚುವುದನ್ನು ಮನೆಯಲ್ಲೇ ಕಲಿತು ಬನ್ನಿ

ಮೈನಸ್ 30ರಲ್ಲಿ ಬರಿಗೈಯಿಂದ ಲೋಹ ಮುಟ್ಟಿದರೆ ಚರ್ಮ ಅಂಟಿಕೊಂಡು ಬರುತ್ತದೆ. ಬ್ಯಾಟರಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಕ್ಯಾಮೆರಾದ ಗುಮ್ಮಟ ಒರೆಸುವಾಗ ಉಸಿರು ಬಿಗಿಹಿಡಿಯಿರಿ, ಬಿಟ್ಟ ಉಸಿರು ಅದರ ಮೇಲೇ ಹಿಮದ ಪೊರೆ ಕಟ್ಟುತ್ತದೆ.

6. ಸೋತ ವಾದಗಳನ್ನು ಓದಿ

ನಾರ್ವೆಗೆ ಬಂದ ಹೊಸತರಲ್ಲಿ ಅಂಗಡಿಯವರು ಚಿಲ್ಲರೆ ಜೊತೆ ಕೊಟ್ಟ 200 ಕ್ರೋನರ್ ನೋಟಿನ ಮೇಲೆ ಒಬ್ಬ ಕನ್ನಡಕದವರ ಮುಖವಿತ್ತು. ಕ್ರಿಸ್ಟಿಯಾನ್ ಬರ್ಕೆಲಾಂಡ್. 1899ರಲ್ಲಿ ಆಲ್ಟಾದ ಬಳಿ ಹಾಲ್ಡೆ ಬೆಟ್ಟದ ನೆತ್ತಿಯ ಮೇಲೆ ವೀಕ್ಷಣಾಲಯ ಕಟ್ಟಿಸಿ ಚಳಿಗಾಲ ಕಳೆದವರು. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಕಾಂತದ ಪುಟ್ಟ ಭೂಗೋಳ ತೂಗುಹಾಕಿ ಅದರ ಧ್ರುವಗಳ ಸುತ್ತ ಬೆಳಕು ಮೂಡಿಸಿ ತೋರಿಸಿದವರು. ಕಾಂತರೇಖೆಗಳ ಗುಂಟ ಆಕಾಶದಿಂದ ವಿದ್ಯುತ್ ಪ್ರವಾಹ ಇಳಿಯುತ್ತದೆ ಎಂದು 1908ರಲ್ಲಿ ಬರೆದರು. ಸಿಡ್ನಿ ಚಾಪ್‌ಮನ್ ಅಂಥ ಗಟ್ಟಿ ಗಣಿತಜ್ಞರು ಅದನ್ನು ಒಪ್ಪಲಿಲ್ಲ. ಪ್ರವಾಹ ಮೇಲಿನ ವಾತಾವರಣದಲ್ಲೇ ಸುತ್ತುತ್ತದೆ ಎಂಬುದು ಅವರ ಲೆಕ್ಕ. ನೆಲದ ಮೇಲಿನ ಕಾಂತಮಾಪಕಗಳಿಗೆ ಎರಡೂ ಒಂದೇ ಥರ ಕಾಣುತ್ತವೆ, ತೀರ್ಪು ಕೊಡಲು ಅವುಗಳಿಂದ ಆಗುವುದಿಲ್ಲ. ಬರ್ಕೆಲಾಂಡ್ 1917ರಲ್ಲಿ ಟೋಕಿಯೊದಲ್ಲಿ ತೀರಿಕೊಂಡರು. 1966ರಲ್ಲಿ ಒಂದು ಉಪಗ್ರಹದ ಕಾಂತಮಾಪಕ ಧ್ರುವದ ಮೇಲೆ ಅಡ್ಡಡ್ಡ ಅಲುಗಿದ್ದು ವರದಿಯಾಯಿತು, ಮರುವರ್ಷ ಅದು ಬರ್ಕೆಲಾಂಡ್ ಹೇಳಿದ ಪ್ರವಾಹವೇ ಎಂದು ಗುರುತಾಯಿತು. ಈಗ ಅದಕ್ಕೆ ಅವರದೇ ಹೆಸರು.

ಯೂಜೀನ್ ಪಾರ್ಕರ್ ಸೌರ ಮಾರುತದ ಪ್ರಬಂಧ ಕಳಿಸಿದಾಗ ಇಬ್ಬರು ಪರಿಶೀಲಕರೂ ಬೇಡ ಎಂದರು. ಪತ್ರಿಕೆಯ ಸಂಪಾದಕರಾಗಿದ್ದ ಎಸ್. ಚಂದ್ರಶೇಖರ್ ಗಣಿತದಲ್ಲಿ ತಪ್ಪು ತೋರಿಸಿಲ್ಲ ಎಂಬ ಕಾರಣಕ್ಕೆ 1958ರಲ್ಲಿ ಅದನ್ನು ಅಚ್ಚುಹಾಕಿಸಿದರು. ನಾಲ್ಕು ವರ್ಷಕ್ಕೆ ಮ್ಯಾರಿನರ್ 2 ನೌಕೆ ಶುಕ್ರನತ್ತ ಹೋಗುವ ದಾರಿಯುದ್ದಕ್ಕೂ ಸೌರ ಮಾರುತ ಎಡೆಬಿಡದೆ ಬೀಸುತ್ತಿರುವುದನ್ನು ಅಳೆಯಿತು. ಆ ಮಾರುತದ ವೇಗಕ್ಕೂ ಭೂಮಿಯ ಕಾಂತ ಕ್ಷೋಭೆಗೂ ನಂಟು ತೋರಿಸಿದ 1963ರ ಪ್ರಬಂಧಕ್ಕೆ ಮೂವರು ಲೇಖಕರು: ಸ್ನೈಡರ್, ನ್ಯೂಗೆಬಾಯರ್, ರಾವ್. ಆ ರಾವ್ ನಮ್ಮ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್. ಆರ್ಯಭಟ ಉಪಗ್ರಹ ಕಟ್ಟಿದವರೆಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ನನ್ನ ಕ್ಷೇತ್ರದ ಅಡಿಗಲ್ಲಿನಲ್ಲೂ ಅವರ ಹೆಸರಿದೆ ಎಂದು ಹೇಳಿದರೆ ಬಹಳ ಜನ ನಂಬುವುದಿಲ್ಲ. ಆ ಪ್ರಬಂಧವನ್ನು ಉಲ್ಲೇಖಿಸುವಾಗ ಪ್ರತಿ ಸಲವೂ ನನಗೆ ಹೆಮ್ಮೆಯಾಗುತ್ತದೆ.

7. ಹಳೆಯ ಕಾಗದ ಎಸೆಯಬೇಡಿ

1859ರ ಸೆಪ್ಟೆಂಬರ್ 2ರಂದು ದಾಖಲಾದ ಅತಿ ದೊಡ್ಡ ಕಾಂತ ಬಿರುಗಾಳಿಗಳಲ್ಲೊಂದು ಭೂಮಿಗೆ ಬಡಿಯಿತು. ಆ ಹೊತ್ತು ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಕೂತವರು ಕಾಂತಮಾಪಕವನ್ನು ಕಣ್ಣಿನಿಂದ ಓದಿ ಕೈಯಿಂದ ಬರೆಯುತ್ತಿದ್ದರು. ಕಾಂತಕ್ಷೇತ್ರ ಅಲುಗಾಡತೊಡಗಿದ್ದನ್ನು ಕಂಡು ಅವರು ಬೇಗ ಬೇಗ, ಐದು ನಿಮಿಷಕ್ಕೊಮ್ಮೆ ಓದಲು ಶುರುಮಾಡಿದರು. ಕಾಂತಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ ಕುಸಿದು ಮೇಲೆದ್ದದ್ದು ಆ ಸಾಲುಗಳಲ್ಲಿ ಉಳಿಯಿತು. ಭಾರತೀಯ ವಿಜ್ಞಾನಿಗಳೂ ಇದ್ದ ತಂಡವೊಂದು ಅದನ್ನು 2003ರಲ್ಲಿ ಪ್ರಕಟಿಸಿದಾಗ ಲೋಕವೆಲ್ಲ ಆ ಹಾಳೆಯತ್ತ ತಿರುಗಿತು. ಮುಂದೆ ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆಂದು, ಅದರ ಗದ್ದಲ ಕಾಂತಮಾಪಕಕ್ಕೆ ತಟ್ಟದಂತೆ, 1904ರಲ್ಲಿ ಅಲಿಬಾಗ್‌ಗೆ ಕೆಲಸ ಸಾಗಿಸಿದರು. ಊರು ಬದಲಾದರೂ ಸಾಲು ತುಂಡಾಗಲಿಲ್ಲ.

ಆ ದಿನ ಪೆನ್ನು ಹಿಡಿದಿದ್ದವರು ಯಾರೋ ನನಗೆ ತಿಳಿಯದು. ಅವರು ಊಟಕ್ಕೆ ಎದ್ದುಹೋಗಿದ್ದರೆ ನಮಗೆ ಆ ತಗ್ಗು ಸಿಗುತ್ತಿರಲಿಲ್ಲ.

ಕರ್ನಾಟಕದಲ್ಲಿ ಕೂತು ಏನು ಮಾಡಲಿ ಎಂದು ಕೇಳುವವರಿಗೆ ಇಲ್ಲೇ ಉತ್ತರವಿದೆ. ಅರೋರಾ ನೋಡಲು ಉತ್ತರಕ್ಕೆ ಬರಬೇಕು, ಓದಲು ಶುರುಮಾಡುವುದಕ್ಕೆ ಬೇಕಿಲ್ಲ. ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ಸೌರ ಮಾರುತ ಅಳೆಯುತ್ತಿದೆ. ಅದರ ದತ್ತಾಂಶವನ್ನು ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲೇ ಕಾಪಿಟ್ಟು ಎಲ್ಲರಿಗೂ ತೆರೆದಿಡುತ್ತಾರೆ. ಕ್ಲಸ್ಟರ್, ಥೀಮಿಸ್‌ಗಳದ್ದೂ ಮುಕ್ತವಾಗಿದೆ. ಒಂದು ಬಿರುಗಾಳಿ ಆರಿಸಿಕೊಳ್ಳಿ, ಎರಡು ಕಡೆಯಿಂದ ನೋಡಿ.

8. ಹೇಳಿದ ಮೇಲೆ ತಲುಪಿತೇ ಎಂದು ಕೇಳಿ

1995ರ ಜನವರಿ 25ರಂದು ನಾರ್ವೆಯ ಆಂಡೊಯಾದಿಂದ ಅರೋರಾ ಅಧ್ಯಯನಕ್ಕೆ ನಾಲ್ಕು ಹಂತದ ರಾಕೆಟ್ ಹಾರಿತು. ರಷ್ಯಾಕ್ಕೆ ಮೊದಲೇ ತಿಳಿಸಿದ್ದರು. ಆ ಮಾತು ರಾಡಾರ್ ಮುಂದೆ ಕೂತವರಿಗೆ ತಲುಪಿರಲಿಲ್ಲ. ಅವರಿಗೆ ಅದು ಕ್ಷಿಪಣಿಯಂತೆ ಕಂಡಿತು, ಅಧ್ಯಕ್ಷ ಯೆಲ್ಟ್‌ಸಿನ್ ಅವರ ಅಣ್ವಸ್ತ್ರ ಪೆಟ್ಟಿಗೆ ತೆರೆಯುವವರೆಗೂ ಹೋಯಿತು. ರಾಕೆಟ್ ದೂರ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆ ಎಲ್ಲರೂ ಉಸಿರುಬಿಟ್ಟರು. ನಮ್ಮ ಅಭಿಯಾನಗಳಲ್ಲಿ ನಾನು ಪ್ರತಿಯೊಂದು ಸೂಚನೆಗೂ ಮರು ಉತ್ತರ ಬರುವವರೆಗೆ ಫೋನ್ ಬಿಡುವುದಿಲ್ಲ.

9. ಕ್ಯಾಮೆರಾ ಹಿಡಿದ ನೆರೆಯವರನ್ನು ಕೇಳಿ

ಕೆನಡಾದ ಆಲ್ಬರ್ಟಾದಲ್ಲಿ ಹವ್ಯಾಸಿ ಛಾಯಾಗ್ರಾಹಕರು ಅರೋರಾಕ್ಕಿಂತ ದಕ್ಷಿಣದಲ್ಲಿ ತೆಳ್ಳನೆಯ ನೇರಳೆ ಪಟ್ಟಿಯೊಂದನ್ನು ವರ್ಷಗಳಿಂದ ಹಿಡಿಯುತ್ತಿದ್ದರು. ಅದಕ್ಕೆ ಸ್ಟೀವ್ ಎಂದು ಹೆಸರಿಟ್ಟಿದ್ದರು. ಅವರ ಚಿತ್ರದ ಹೊತ್ತಿಗೇ ಸ್ವಾರ್ಮ್ ಉಪಗ್ರಹ ಆ ಪಟ್ಟಿಯೊಳಗೆ ಹಾದಿದ್ದು ಸಿಕ್ಕಿತು. ಒಳಗೆ ಅನಿಲ ಸುಮಾರು 3,000 ಡಿಗ್ರಿ ಹೆಚ್ಚು ಬಿಸಿ, ಸೆಕೆಂಡಿಗೆ 6 ಕಿ.ಮೀ. ವೇಗದಲ್ಲಿ ಪಶ್ಚಿಮಕ್ಕೆ ಹರಿಯುತ್ತಿತ್ತು. 2018ರಲ್ಲಿ ಪ್ರಬಂಧ ಬಂದಾಗ ಹವ್ಯಾಸಿಗಳ ಹೆಸರೂ ಲೇಖಕರ ಸಾಲಿನಲ್ಲಿತ್ತು. ಆ ನೇರಳೆ ಪಟ್ಟಿ ನಮ್ಮ ಹಳೆಯ ಚಿತ್ರಗಳಲ್ಲೂ ಇತ್ತು. ನಾವು ಹುಡುಕುತ್ತಿದ್ದದ್ದು ಅದನ್ನಲ್ಲವಾದ್ದರಿಂದ ನಮ್ಮ ಕಣ್ಣಿಗೆ ಬೀಳಲಿಲ್ಲ.

10. ಮೊದಲ ಸಲ ನೋಡುವವರ ಪಕ್ಕ ನಿಲ್ಲಿ

ಅಮ್ಮ ಒಂದೇ ಸಲ ಇಲ್ಲಿಗೆ ಬಂದಿದ್ದರು, ಫೆಬ್ರವರಿಯಲ್ಲಿ. ಸ್ಕಿಬೊಟ್ನ್ ಕಣಿವೆಗೆ ಕರೆದುಕೊಂಡು ಹೋದೆ. ಸೀರೆಯ ಮೇಲೆ ಎರಡು ಸ್ವೆಟರು, ಅದರ ಮೇಲೆ ನನ್ನ ದೊಡ್ಡ ಕೋಟು. ಹತ್ತೂವರೆಗೆ ಕಮಾನು ಹೊತ್ತಿಕೊಂಡಿತು, ನೆರಿಗೆ ನೆರಿಗೆಯಾಗಿ ನೆತ್ತಿಯವರೆಗೂ ಬಂತು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಇದರ ಅಂಚು ಎಷ್ಟು ಮೇಲಿದೆ?"

"ನೂರು ಕಿಲೋಮೀಟರ್ ಅಮ್ಮ. ಹೆಚ್ಚುಕಡಿಮೆ ನಮ್ಮ ಮನೆಯಿಂದ ಉಡುಪಿಗೆ ಹೋದಷ್ಟು."

"ಮೇಲೆ ಯಾರು ಹಿಡ್ಕಂಡಿದಾರೆ?"

ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಒಂದು ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನುಗಳನ್ನು ಕೆಳಕ್ಕೆ ದಬ್ಬುತ್ತದೆ ಎಂದೆ. ಅದರ ಹಿಂದೆ ಕಾಂತಗೋಳದ ಬಾಲ, ಬಾಲದ ಹಿಂದೆ ಸೂರ್ಯ ಎಂದೆ. ಅಮ್ಮ ಕತ್ತೆತ್ತಿ ನೋಡುತ್ತಲೇ ಇದ್ದರು. "ಅಷ್ಟು ದೊಡ್ಡದರಿಂದ ಇಳಿದದ್ದು ಇಷ್ಟು ತೆಳ್ಳಗೆ ಹೆಂಗೆ ಆಗತ್ತೆ?"

ಕಮಾನಿನ ಒಂದೊಂದು ಎಳೆ ಕಿಲೋಮೀಟರಿಗಿಂತಲೂ ತೆಳು, ಅದು ಬಂದ ಜಾಗ ಸಾವಿರಾರು ಕಿಲೋಮೀಟರ್ ಅಗಲ. ಏಕೆ ಹೀಗೆ ಎಂಬುದಕ್ಕೆ ಎಲ್ಲರೂ ಒಪ್ಪಿದ ಉತ್ತರ ನಮ್ಮ ಕ್ಷೇತ್ರದಲ್ಲಿ ಇನ್ನೂ ಇಲ್ಲ. ಆ ವರ್ಷ ನಾನು ಬರೆಯುತ್ತಿದ್ದ ಯೋಜನೆಯ ಮೊದಲ ಪುಟದ ಪ್ರಶ್ನೆಯೂ ಅದೇ ಆಗಿತ್ತು. ಗೊತ್ತಿಲ್ಲಮ್ಮ, ಅದನ್ನೇ ಹುಡುಕುತ್ತಿದ್ದೇವೆ ಎಂದೆ. ಅವರು ಕೋಟಿನ ತೋಳಿನಿಂದ ಕೈ ಹೊರತೆಗೆದು ನನ್ನ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಕೆಳಗೆ ಎಳೆದು, ಮತ್ತೆ ಆಕಾಶ ನೋಡತೊಡಗಿದರು.